ಮುಂದೆ ಹೊಸ ಟೈರ್, ಹಿಂದೆ ಹಳೆಯದು: ಹಳೆಯ ಬಲೆನೊ ಆರ್‌ಎಸ್ ಕೊಳ್ಳಲು ಹೊರಟವರು ದಯವಿಟ್ಟು ಓದಿ

2023ರ ಜುಲೈ ತಿಂಗಳ ಒಂದು ಬೆಳಿಗ್ಗೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ, ಕೊಂಡು ಎರಡು ತಿಂಗಳೂ ತುಂಬದ ನನ್ನ ಕಾರು ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ ಕೈತಪ್ಪಿ ತಿರುಗಿ ರಸ್ತೆಗೆ ಅಡ್ಡವಾಗಿ ನಿಂತಿತು. ಎದುರಿನಿಂದ ಘಾಟಿ ಏರಿ ಬರುತ್ತಿದ್ದ ಸರ್ಕಾರಿ ಬಸ್ಸಿನ ಚಾಲಕರು ನಮ್ಮಿಂದ ಹತ್ತು ಹೆಜ್ಜೆ ಆಚೆಗೇ ಬಸ್ಸು ನಿಲ್ಲಿಸಿದ್ದರಿಂದ ನಾನೂ ಪಕ್ಕದಲ್ಲಿ ಕುಳಿತಿದ್ದ ನನ್ನ ತಮ್ಮನೂ ಗಾಯವಿಲ್ಲದೆ ಉಳಿದೆವು. ಈ ಅಪಘಾತಕ್ಕೆ ಕಾರಣವಾದ ದೋಷ ಮೊದಲ ದಿನದಿಂದಲೂ ನನ್ನ ಕಣ್ಣೆದುರೇ ಇತ್ತು. ಅದನ್ನು ಕಂಡುಹಿಡಿಯಲು ಮೆಕ್ಯಾನಿಕ್ ಬೇಕಿರಲಿಲ್ಲ. ಒಂದು ಟಾರ್ಚು, ಒಂದು ಹಳೆಯ ಬಟ್ಟೆ ಇದ್ದಿದ್ದರೆ ಸಾಕಿತ್ತು. ಇಂಥದೇ ಕಾರನ್ನು ಹುಡುಕುತ್ತಿರುವವರು ನಾನು ನೋಡದೆ ಬಿಟ್ಟದ್ದನ್ನು ನೋಡಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕಾರು 2017ರ ಮಾದರಿಯ ಮಾರುತಿ ಬಲೆನೊ ಆರ್‌ಎಸ್. ನೋಡಲು ಮಾಮೂಲಿ ಬಲೆನೊದಂತೆಯೇ ಇದ್ದರೂ ಇದರ ಒಳಗಿರುವುದು ಮೂರು ಸಿಲಿಂಡರುಗಳ 1.0 ಲೀಟರ್ ಬೂಸ್ಟರ್‌ಜೆಟ್ ಟರ್ಬೊ ಪೆಟ್ರೋಲ್ ಎಂಜಿನ್. ಅದರ ಶಕ್ತಿ 102 ಪಿಎಸ್, ಟಾರ್ಕ್ 150 ಎನ್‌ಎಂ. ಕಾರಿನ ತೂಕ ಮಾತ್ರ 950 ಕಿಲೋ. ಐದು ಗೇರಿನ ಮ್ಯಾನುಯಲ್, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. 2020ರಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ಈ ಎಂಜಿನ್ ಅದಕ್ಕೆ ಹೊಂದುವಂತೆ ಬದಲಾಗದೆ ಮಾದರಿಯೇ ನಿಂತುಹೋಯಿತು. ಹಾಗಾಗಿ ಇಂದು ಇದನ್ನು ಬಯಸುವವರಿಗೆ ಹಳೆಯ ಕಾರುಗಳೇ ಗತಿ, ಮತ್ತು ಅವುಗಳಲ್ಲಿ ಬಹುಪಾಲು ಟೈರ್ ಬದಲಿಸುವ ವಯಸ್ಸನ್ನು ದಾಟಿದವು.

ಬೆಂಗಳೂರಿನ ಹೊರವಲಯದ ಒಂದು ಹಳೆಯ ಕಾರುಗಳ ಮಳಿಗೆಯಲ್ಲಿ ಅದನ್ನು ಮೊದಲ ಬಾರಿಗೆ ಓಡಿಸಿದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎರಡು ಸಾವಿರ ಆರ್‌ಪಿಎಂ ಮುಟ್ಟುವವರೆಗೆ ತುಸು ಮಂಕಾಗಿರುವ ಎಂಜಿನ್, ಅಲ್ಲಿಂದಾಚೆಗೆ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಎಳೆದುಕೊಂಡು ಹೋಗುತ್ತದೆ. ಮೂರು ಸಿಲಿಂಡರುಗಳ ಆ ಗಡಸು ದನಿ ಕಿವಿಗೆ ಹಿತ. ಎರಡನೆಯ ಗೇರಿನಲ್ಲಿ ಪೂರ್ತಿ ಒತ್ತಿದರೆ, ರಸ್ತೆ ಸ್ವಲ್ಪ ಏರುತಗ್ಗಾಗಿದ್ದಲ್ಲಿ, ಸ್ಟೀರಿಂಗ್ ಒಂದಿಷ್ಟು ಎಡಕ್ಕೋ ಬಲಕ್ಕೋ ತುಡಿಯುತ್ತದೆ. ಎಳೆಯುವ ಕೆಲಸವನ್ನೂ ತಿರುಗಿಸುವ ಕೆಲಸವನ್ನೂ ಮುಂದಿನ ಚಕ್ರಗಳೇ ಮಾಡುವ ಕಾರುಗಳಲ್ಲಿ ಇದು ಸಹಜ, ಎರಡೂ ಕೈಗಳಿಂದ ಹಿಡಿದಿದ್ದರೆ ತೊಂದರೆಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಗೆದ್ದದ್ದು ತಿರುವುಗಳಲ್ಲಿ ಅದರ ಮೂತಿ ತೋರಿದ ಚುರುಕು. ಮುಂದೆ ಎಂಜಿನ್ ಹೊತ್ತ ಕಾರು ಜೋರಾಗಿ ತಿರುಗಿಸಿದರೆ ಹೊರಕ್ಕೆ ಜಾರುತ್ತದೆ ಎಂಬುದು ನಾನು ಹಿಂದೆ ಓಡಿಸಿದ್ದ ಕಾರುಗಳಿಂದ ಕಲಿತ ಪಾಠ. ಇಲ್ಲಿ ಆ ಜಾರುವಿಕೆ ಇರಲೇ ಇಲ್ಲ. ಸರ್ವಿಸ್ ರಸ್ತೆಯ ಕೊನೆಯ ವೃತ್ತವನ್ನು ಎರಡು ಸಲ ಸುತ್ತಿದೆ. ಸ್ಟೀರಿಂಗ್ ಎತ್ತ ತಿರುಗಿಸಿದರೆ ಅತ್ತ ಮೂತಿ ತಡವಿಲ್ಲದೆ ತಿರುಗಿತು. ಇದು ಸಸ್ಪೆನ್ಷನ್ನಿನ ಗುಣ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಚುರುಕಿನ ದೊಡ್ಡ ಪಾಲು ಮುಂದಿನ ಎರಡು ಹೊಚ್ಚಹೊಸ ಟೈರುಗಳದ್ದಾಗಿತ್ತು.

ನಾನು ಕಣ್ಣು ಮುಚ್ಚಿಕೊಂಡು ಕೊಂಡವನಲ್ಲ. ಸರ್ವಿಸ್ ದಾಖಲೆ, ವಿಮೆಯ ಇತಿಹಾಸ, ಚಾಸಿಸ್ ಸಂಖ್ಯೆ ಎಲ್ಲವನ್ನೂ ಹೊಂದಿಸಿ ನೋಡಿದೆ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ದೋಷದ ಸಾಧ್ಯತೆಗಾಗಿ 2023ರ ಏಪ್ರಿಲ್‌ನಲ್ಲಿ 7,213 ಬಲೆನೊ ಆರ್‌ಎಸ್ ಕಾರುಗಳನ್ನು ಕಂಪನಿಯೇ ತಪಾಸಣೆಗೆ ಹಿಂದಕ್ಕೆ ಕರೆದಿತ್ತು. ಈ ಕಾರಿಗೆ ಆ ಕೆಲಸ ಆಗಿದೆಯೇ ಎಂಬುದನ್ನು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡೇ ಮುಂಗಡ ಕೊಟ್ಟೆ. ಟೈರುಗಳ ಬಗ್ಗೆ ಕೇಳಿದಾಗ ಮಳಿಗೆಯವರು, "ಸಾರ್, ಮುಂದಿನ ಎರಡೂ ಹೊಸದು, ಹೋದ ವಾರ ಹಾಕ್ಸಿದ್ದು. ಇದು ಫ್ರಂಟ್ ವೀಲ್ ಡ್ರೈವ್ ಅಲ್ವಾ, ಕೆಲಸ ಎಲ್ಲಾ ಮುಂದಿನವೇ ಮಾಡ್ತವೆ, ಹಿಂದಿನವು ಸುಮ್ನೆ ಉರುಳ್ತವೆ ಅಷ್ಟೇ" ಎಂದರು. ಮಾತು ತರ್ಕಬದ್ಧವಾಗಿ ಕೇಳಿಸಿತು. ಹಿಂದಿನ ಟೈರುಗಳನ್ನೂ ನೋಡಿದೆ. ಪಾಲಿಶ್ ಬಳಿದು ಕಪ್ಪಗೆ ಮಿನುಗುತ್ತಿದ್ದವು, ಗೆರೆಗಳೂ ಕಾಣುತ್ತಿದ್ದವು. ತಲೆಯಾಡಿಸಿ ಎದ್ದುಬಿಟ್ಟೆ.

ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹೆಚ್ಚಾಗಿ ಕಚೇರಿಗೆ ಓಡಾಡಿದ್ದೇ ಆಯಿತು. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಹಿಂದಿನ ಟೈರು ಹೇಗಿದೆ ಎಂದು ತಿಳಿಯುವ ಸಂದರ್ಭವೇ ಬರುವುದಿಲ್ಲ. ಜುಲೈಯಲ್ಲಿ ತಮ್ಮನೊಂದಿಗೆ ಧರ್ಮಸ್ಥಳಕ್ಕೆ ಹೊರಟೆ. ಹಾಸನ, ಬೇಲೂರು, ಮೂಡಿಗೆರೆಯವರೆಗೆ ಕಾರು ಹಾಡಿಕೊಂಡೇ ಓಡಿತು. ಕೊಟ್ಟಿಗೆಹಾರದಲ್ಲಿ ಮಂಜು ಮುಸುಕಿತ್ತು, ಮಳೆ ಬಿಡದೆ ಸುರಿಯುತ್ತಿತ್ತು. ಘಾಟಿಯಲ್ಲಿ ಗುಡ್ಡದ ನೀರು ಅಲ್ಲಲ್ಲಿ ರಸ್ತೆಯ ಮೇಲೆಯೇ ಅಡ್ಡ ಹರಿಯುತ್ತಿತ್ತು. ನಾನು ಮೂರನೆಯ ಗೇರಿನಲ್ಲಿ, ಮುಂದಿದ್ದ ಹಾಲಿನ ವ್ಯಾನಿಗಿಂತಲೂ ನಿಧಾನವಾಗಿ ಇಳಿಯುತ್ತಿದ್ದೆ.

ಎಡಕ್ಕೆ ಬಾಗುವ ಒಂದು ತಿರುವಿನ ನಡುವೆ ಮಂಜಿನಿಂದ ಬಸ್ಸಿನ ದೀಪಗಳು ಹೊರಬಂದವು. ಉದ್ದನೆಯ ಬಸ್ಸು ತಿರುವಿನಲ್ಲಿ ರಸ್ತೆಯ ಮಧ್ಯದವರೆಗೆ ಬರುವುದು ಘಾಟಿಯಲ್ಲಿ ಅನಿವಾರ್ಯ, ಅದು ಅವರ ತಪ್ಪಲ್ಲ. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ: ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆದು ಬ್ರೇಕನ್ನು ಮುಟ್ಟಿದೆ. ಮರುಕ್ಷಣ ಸೀಟಿನ ಕೆಳಗಿನಿಂದ ನೆಲವನ್ನೇ ಯಾರೋ ಬಲಕ್ಕೆ ಎಳೆದುಕೊಂಡಂತಾಯಿತು. ಸದ್ದಿಲ್ಲ, ಟೈರಿನ ಕೀರಲು ಇಲ್ಲ. ಕಾರಿನ ಹಿಂಭಾಗ ಕಣಿವೆಯ ಕಡೆಗೆ ಹೊರಳಿತು, ಮೂತಿ ಗುಡ್ಡದ ಕಡೆಗೆ ತಿರುಗಿತು, ನಾನು ಗಾಬರಿಯಿಂದ ಬ್ರೇಕನ್ನು ಇನ್ನಷ್ಟು ಒತ್ತಿದೆ. ಎಡ ಮುಂಚಕ್ರ ಚರಂಡಿಗೆ ಇಳಿದು ಬಂಪರ್ ಕಲ್ಲಿಗೆ ಬಡಿದಾಗ ಕಾರು ನಿಂತಿತು. ತಮ್ಮ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು, "ಅಣ್ಣಾ, ಬಸ್ಸು ನಿಂತಿದೆ, ನಿಂತಿದೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಬಸ್ಸಿನ ಕಂಡಕ್ಟರೂ ನಾಲ್ಕೈದು ಪ್ರಯಾಣಿಕರೂ ಆ ಮಳೆಯಲ್ಲಿ ಇಳಿದು ಬಂದು ಕಾರನ್ನು ನೂಕಿ ಬದಿಗೆ ನಿಲ್ಲಿಸಿಕೊಟ್ಟರು. ಅವರ ಹೆಸರು ಕೇಳಿಕೊಳ್ಳುವಷ್ಟೂ ನನಗೆ ಎಚ್ಚರವಿರಲಿಲ್ಲ ಎಂಬ ಬೇಸರ ಇಂದಿಗೂ ಇದೆ.

ಟೋ ವಾಹನದವರು ಕಾರನ್ನು ಉಜಿರೆಯ ಗ್ಯಾರೇಜಿಗೆ ಮುಟ್ಟಿಸಿದರು. ಪಕ್ಕದಲ್ಲೇ ಟೈರ್ ಅಂಗಡಿಯಿತ್ತು. ಅಲ್ಲಿನ ಹಿರಿಯರೊಬ್ಬರು ಕಾರಿನ ಸುತ್ತ ಒಂದು ಬಾರಿ ನಡೆದು, ಹಿಂಚಕ್ರದ ಬಳಿ ಕುಳಿತು, ಟೈರಿನ ಮಗ್ಗುಲನ್ನು ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದರು. ಪಾಲಿಶ್ ಹೋದ ಜಾಗದಲ್ಲಿ ಬೇಸಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳು ಕಂಡವು. ನೆಲಕ್ಕೆ ತಾಗುವ ಭಾಗವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದರು, ಗುರುತೂ ಮೂಡಲಿಲ್ಲ. ಅದೇ ಉಗುರನ್ನು ಮುಂದಿನ ಟೈರಿಗೆ ಒತ್ತಿದಾಗ ರಬ್ಬರು ತುಸು ತಗ್ಗಿ ಮತ್ತೆ ಎದ್ದಿತು. "ಇದು ರಬ್ಬರ್ ಅಲ್ಲ ಮಾರಾಯ್ರೆ, ಕಲ್ಲು. ಹೊಸತು ಎರಡೇ ಇದ್ದದ್ದಾದ್ರೆ ಅದು ಹಿಂದೆ ಹೋಗಬೇಕಿತ್ತು. ಮುಂದೆ ಹಾಕಿದ್ದು ಯಾರು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಚಕ್ರ ಬಿಚ್ಚಿ ಒಳಮಗ್ಗುಲನ್ನು ತಿರುಗಿಸಿದಾಗ ಅಂಡಾಕಾರದ ಚೌಕಟ್ಟಿನೊಳಗೆ 1417 ಎಂಬ ನಾಲ್ಕು ಅಂಕಿಗಳು ಕಂಡವು, ಅಂದರೆ 2017ನೆಯ ಇಸವಿಯ 14ನೆಯ ವಾರದಲ್ಲಿ ತಯಾರಾದದ್ದು. ಮುಂದಿನವುಗಳ ಮೇಲೆ 0923 ಎಂದಿತ್ತು. ಒಂದೇ ಕಾರಿನಡಿ ಆರು ವರ್ಷಗಳ ಅಂತರ.

ಹಿಂದಿನ ಟೈರು ಸುಮ್ಮನೆ ಉರುಳುತ್ತದೆ ಎಂಬ ಮಾತು ಎಲ್ಲಿ ತಪ್ಪಿತು ಎಂಬುದನ್ನು ಆ ಹಿರಿಯರು ವಿವರಿಸಿದ ಮೇಲೆ ನಾನೂ ಓದಿ ಅರ್ಥಮಾಡಿಕೊಂಡೆ. ಎಳೆಯುವುದು ಮುಂದಿನ ಚಕ್ರವೇ ಆದರೂ ಕಾರನ್ನು ನೇರವಾಗಿ ಇರಿಸುವುದು ಹಿಂದಿನ ಚಕ್ರ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಮುಂದಿರುವ ಈ ಪುಟ್ಟ ಕಾರುಗಳಲ್ಲಿ ಹಿಂಭಾಗ ಮೊದಲೇ ಹಗುರ. ಇಳಿಜಾರಿನಲ್ಲಿ ಅದು ಇನ್ನಷ್ಟು ಹಗುರವಾಗುತ್ತದೆ, ತಿರುವಿನ ನಡುವೆ ಕಾಲು ತೆಗೆದರೆ ಉಳಿದ ಭಾರವೂ ಮುಂದಕ್ಕೆ ವಾಲುತ್ತದೆ. ಆಗ ಹೊಸ ಮುಂಟೈರುಗಳು ರಸ್ತೆಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿ ಮೂತಿಯನ್ನು ಒಳಕ್ಕೆ ಎಳೆಯುತ್ತವೆ. ಗಡುಸಾದ, ಗೆರೆ ಸವೆದ ಹಿಂಟೈರುಗಳು ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಅದರ ಮೇಲೆ ತೇಲುತ್ತವೆ. ಮುಂದಿನ ಟೈರು ಸವೆದಿದ್ದರೆ ಕಾರು ಹೊರಕ್ಕೆ ಜಾರುತ್ತದೆ, ಸ್ಟೀರಿಂಗ್ ಹಗುರಾಗಿ ಅದು ಕೈಗೆ ತಿಳಿಯುತ್ತದೆ, ವೇಗ ತಗ್ಗಿಸಿದರೆ ಹೆಚ್ಚಿನ ವೇಳೆ ಸರಿಹೋಗುತ್ತದೆ. ಹಿಂದಿನ ಟೈರು ಜಾರುವಾಗ ಕೈಗೆ ಯಾವ ಸುಳಿವೂ ಸಿಗುವುದಿಲ್ಲ, ಮತ್ತು ಹೆದರಿದಾಗ ಮನುಷ್ಯ ಸಹಜವಾಗಿ ಮಾಡುವ ಕೆಲಸವೇ, ಅಂದರೆ ಬ್ರೇಕ್ ಒತ್ತುವುದೇ, ಅದನ್ನು ಹೆಚ್ಚಿಸುತ್ತದೆ. ಆ ಹೊತ್ತಿನಲ್ಲಿ ಬ್ರೇಕ್ ಬಿಟ್ಟು, ಬಾಲ ಹೊರಳಿದ ಕಡೆಗೇ ಸ್ಟೀರಿಂಗ್ ತಿರುಗಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ಮತ್ತೆ ಒತ್ತಬೇಕಂತೆ. ತರಬೇತಿಯಿಲ್ಲದ ನನ್ನಂಥವನಿಗೆ ಬಸ್ಸಿನ ಮುಂದೆ ಅದು ಸಾಧ್ಯವಾಗುತ್ತಿರಲಿಲ್ಲ. ಕಾರಿನಲ್ಲಿ ಎಬಿಎಸ್ ಇತ್ತು, ಆದರೆ ಅದು ಚಕ್ರ ಲಾಕ್ ಆಗದಂತೆ ತಡೆಯುತ್ತದೆಯೇ ಹೊರತು ಬಾಲ ಹೊರಳುವುದನ್ನು ತಡೆಯಲಾರದು. ಅದಕ್ಕೆ ಬೇಕಾದ ಚಕ್ರಕ್ಕಷ್ಟೇ ತಾನಾಗಿ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವ ಇಎಸ್‌ಪಿ ವ್ಯವಸ್ಥೆ ಬೇಕು. ಆ ಕಾಲದ ಈ ದರ್ಜೆಯ ಹೆಚ್ಚಿನ ಕಾರುಗಳಂತೆ ಇದರಲ್ಲಿಯೂ ಅದಿಲ್ಲ. ಟೈರ್ ತಯಾರಕರೂ ಇದೇ ಕಾರಣಕ್ಕೆ, ಯಾವ ಚಕ್ರಗಳು ಎಳೆಯುವ ಕಾರೇ ಆಗಿರಲಿ, ಎರಡೇ ಹೊಸ ಟೈರ್ ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ ಎನ್ನುತ್ತಾರೆ.

ಆದ್ದರಿಂದ ಹಳೆಯ ಬಲೆನೊ ಆರ್‌ಎಸ್ ಇರಲಿ, ಇಂಥದೇ ಬೇರೆ ಚುರುಕಾದ ಪುಟ್ಟ ಕಾರಿರಲಿ, ನೋಡಲು ಹೋದಾಗ ಮೊದಲು ಹಿಂಚಕ್ರದ ಬಳಿ ಕುಳಿತುಕೊಳ್ಳಿ. ಪಾಲಿಶ್ ಒರೆಸಿ ಮಗ್ಗುಲು ನೋಡಿ. ತಯಾರಿಕೆಯ ನಾಲ್ಕು ಅಂಕಿಗಳು ಸಾಮಾನ್ಯವಾಗಿ ಟೈರಿನ ಒಂದೇ ಮಗ್ಗುಲಲ್ಲಿ ಇರುತ್ತವೆ, ಹೊರಗೆ ಕಾಣದಿದ್ದರೆ ಒಳಗಿವೆ ಎಂದರ್ಥ. ಟಾರ್ಚು ಹಿಡಿದು ಕೆಳಗಿನಿಂದ ಓದಿ, ಅಥವಾ ಚಕ್ರ ಬಿಚ್ಚಿ ತೋರಿಸಲು ಹೇಳಿ. ಗೆರೆಗಳು ಕಾಣುತ್ತವೆ ಎಂದು ಸಮಾಧಾನಪಡಬೇಡಿ. ಗೆರೆಯ ತಳದಲ್ಲಿರುವ ಸವೆತದ ಗುರುತು 1.6 ಮಿಲಿಮೀಟರಿನದು, ಅದನ್ನು ಮುಟ್ಟಿದರೆ ಟೈರು ಕಾನೂನಿನ ಲೆಕ್ಕದಲ್ಲಿಯೇ ಮುಗಿದಂತೆ, ಮಲೆನಾಡಿನ ಮಳೆಗೆ ಅದಕ್ಕಿಂತ ಬಹಳ ಮೊದಲೇ ಸಾಲದಾಗುತ್ತದೆ. ನಾಲ್ಕು ಟೈರುಗಳೂ ಒಂದೇ ವಯಸ್ಸಿನವಲ್ಲದಿದ್ದರೆ, ಓಡಿಸಿ ನೋಡಿದಾಗ ಸಿಕ್ಕ ಅನುಭವವನ್ನು ನಂಬಬೇಡಿ. ಈ ಕಾರಿನ ಟೈರ್ ಅಳತೆ 195/55 ಆರ್16. ನಾಲ್ಕಕ್ಕೂ ಆಗುವ ಖರ್ಚನ್ನು ಮೊದಲೇ ವಿಚಾರಿಸಿಕೊಂಡು ಬೆಲೆಯಿಂದ ಕಳೆದು ಚೌಕಾಸಿ ಮಾಡಿ.

ಮಳಿಗೆಯವರಿಗೆ ಫೋನ್ ಮಾಡಿದಾಗ, ಕಾರನ್ನು ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿದ್ದೇನೆ ಎಂದು ನಾನು ಸಹಿ ಹಾಕಿದ ಕಾಗದವನ್ನು ನೆನಪಿಸಿದರು, ಮಾತು ಅಲ್ಲಿಗೇ ಮುಗಿಯಿತು. ಬಂಪರ್, ಎಡಗಡೆಯ ಹೆಡ್‌ಲೈಟ್, ಚಕ್ರವನ್ನು ಕಾರಿಗೆ ಜೋಡಿಸುವ ಲೋವರ್ ಆರ್ಮ್, ಸೊಟ್ಟಗಾದ ಒಂದು ಅಲಾಯ್ ಚಕ್ರ, ಎಲ್ಲ ಸೇರಿ 38 ಸಾವಿರ ರೂಪಾಯಿ, ಟೈರುಗಳ ಖರ್ಚು ಬೇರೆ. ಕಾರನ್ನು ಮಾರಿಲ್ಲ. ಒಂದೇ ವಾರದಲ್ಲಿ ತಯಾರಾದ ನಾಲ್ಕು ಟೈರುಗಳನ್ನು ಹಾಕಿಸಿದ ಮೇಲೆ ಅದರ ನಿಜವಾದ ಗುಣ ನನಗೆ ತಿಳಿಯಿತು: ಜೋರಾಗಿ ತಿರುಗಿಸಿದರೆ ಮೂತಿ ತುಸು ಹೊರಕ್ಕೆ ಜಾರುತ್ತದೆ, ಕಾಲು ತೆಗೆದರೆ ಸದ್ದಿಲ್ಲದೆ ದಾರಿಗೆ ಬರುತ್ತದೆ. ಮೊದಲ ದಿನ ನಾನು ಮೆಚ್ಚಿದ ಕಾರಿಗಿಂತ ಇದು ಸ್ವಲ್ಪ ಮಂದ, ಆದರೆ ಇದರ ಮೇಲೆ ನನಗೆ ನಂಬಿಕೆಯಿದೆ.

ಉಜಿರೆಯಿಂದ ಹೊರಡುವ ಮುನ್ನ, ಬಿಚ್ಚಿದ ಆ ಎರಡು ಹಳೆಯ ಟೈರುಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಇಂಥವನ್ನು ಸೆಕೆಂಡ್ ಹ್ಯಾಂಡ್ ಎಂದು ಕೊಂಡುಹೋಗಿ ಇನ್ನೊಂದು ಕಾರಿಗೆ ಹಾಕಿಸುವವರೂ ಇದ್ದಾರೆ ಎಂದರು ಆ ಹಿರಿಯರು. ನಾನು ಏನನ್ನೂ ಹೇಳುವ ಮೊದಲೇ ಒಳಗಿನಿಂದ ಚೂರಿ ತಂದು, ಎರಡರ ಮಗ್ಗುಲನ್ನೂ ಈ ಕಡೆಯಿಂದ ಆ ಕಡೆಗೆ ಸೀಳಿ, ಗುಜರಿಯ ರಾಶಿಗೆ ಎಸೆದರು.