ಕತ್ತಲೆ ಕಪ್ಪಗಿರಬೇಕು: ಜಾಂಬಿ ಸಿನಿಮಾಕ್ಕೆಂದು ಕೊಂಡ ಪ್ರೊಜೆಕ್ಟರ್

ಪ್ರೊಜೆಕ್ಟರ್ ಮನೆಗೆ ಬಂದ ದಿನ ನಾನು ಮೊದಲು ಹಾಕಿದ್ದು ಸುರಂಗದ ದೃಶ್ಯ. 2016ರ ಕೊರಿಯನ್ ಸಿನಿಮಾ ‘ಟ್ರೇನ್ ಟು ಬುಸಾನ್’ ನೋಡಿದವರಿಗೆ ಇದು ಗೊತ್ತು. ಸಿಯೋಲ್‌ನಿಂದ ಹೊರಟ ರೈಲಿನ ತುಂಬ ಜಾಂಬಿಗಳು, ಅಂದರೆ ಎದ್ದು ಓಡಾಡುವ ಹೆಣಗಳು. ಕತ್ತಲಲ್ಲಿ ಅವಕ್ಕೆ ಕಣ್ಣು ಕಾಣುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ರೈಲು ಸುರಂಗ ಹೊಕ್ಕಾಗ ಬದುಕಿದವರು ಲಗೇಜ್ ಇಡುವ ಜಾಗದಲ್ಲಿ ತೆವಳಿಕೊಂಡು ಮುಂದಿನ ಬೋಗಿಗೆ ದಾಟುತ್ತಾರೆ. ಅವರನ್ನು ಕಾಯುವುದು ಆ ಕತ್ತಲೆಯೇ.

ನಮ್ಮ ಗೋಡೆ ಮೇಲೆ ಆ ಕತ್ತಲೆ ಬೂದಿ ಬಣ್ಣದಲ್ಲಿ ಬಂತು. ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ. "ಮಾಮಾ, ಹೊರಗ ಮಂಜು ಬಿದ್ದೈತೇನು?" ಎಂದು ಕೇಳಿದ.

ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಜಾಂಬಿ ಸಿನಿಮಾ, ಭೂಕಂಪ, ಪ್ರವಾಹ, ಊರೇ ಖಾಲಿಯಾಗುವ ರೋಗ, ಇಂಥವನ್ನೆಲ್ಲ ಕಾಲೇಜು ದಿನಗಳಿಂದ ಬಿಡದೆ ನೋಡಿದ್ದೇನೆ. ಎಲ್ಲವನ್ನೂ ಫೋನ್‌ನಲ್ಲೇ ನೋಡಿದ್ದು. ಅಂಗೈಯಷ್ಟು ಪರದೆಯಲ್ಲಿ ಸಾವಿರ ಹೆಣಗಳು ಓಡಿ ಬಂದರೂ ಇರುವೆ ಸಾಲಿನ ಹಾಗೆ ಕಾಣುತ್ತದೆ, ಅಲ್ವಾ? ಅದಕ್ಕೇ 9,400 ರೂಪಾಯಿ ಕೊಟ್ಟು ಈ ಚಿಕ್ಕ ಪ್ರೊಜೆಕ್ಟರ್ ಕೊಂಡೆ. ಹೆಸರು ಹೇಳಲ್ಲ. ಈ ಬೆಲೆಗೆ ಸಿಗುವವು ಹೆಚ್ಚು ಕಡಿಮೆ ಎಲ್ಲ ಒಂದೇ ಥರ.

ಡಬ್ಬದ ಮೇಲೆ ದೊಡ್ಡದಾಗಿ ‘4ಕೆ ಸಪೋರ್ಟ್’ ಅಂತ ಇದೆ. 4ಕೆ ವಿಡಿಯೊ (ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕಿಗಳದ್ದು) ಹಾಕಿದರೆ ಓಡಿಸುತ್ತದೆ ಅಂತ ಮಾತ್ರ ಅದರ ಅರ್ಥ. ಗೋಡೆ ಮೇಲೆ ಬೀಳುವುದು 1280 ಗುಣಿಸು 720 ಚುಕ್ಕಿಗಳೇ. ‘ನೇಟಿವ್ ರೆಸಲ್ಯೂಷನ್’ ಅನ್ನುವ ಸಾಲು ಡಬ್ಬದ ಹಿಂಬದಿ ಸಣ್ಣ ಅಕ್ಷರದಲ್ಲಿತ್ತು. ಕೊಳ್ಳುವ ಮೊದಲು ಓದಬೇಕಾದ ಸಾಲು ಅದು. ಬೆಳಕಿನ ಲೆಕ್ಕವೂ ಹಾಗೇ. ಬರೀ ‘ಲ್ಯೂಮೆನ್ಸ್’ ಅಂತ ಸಾವಿರಗಟ್ಟಲೆ ಬರೆದಿದ್ದರೆ ನಂಬಬೇಡಿ, ‘ಆನ್ಸಿ ಲ್ಯೂಮೆನ್ಸ್’, ಅಂದರೆ ಗೊತ್ತುಪಡಿಸಿದ ವಿಧಾನದಲ್ಲಿ ಅಳೆದ ಬೆಳಕು, ಎಷ್ಟು ಅಂತ ಕೇಳಿ.

ಆದರೆ ನಮ್ಮಂಥ ಹಾರರ್ ಹುಚ್ಚಿನವರಿಗೆ ಬೆಳಕಿಗಿಂತ ಕಪ್ಪು ಮುಖ್ಯ. ಈ ಯಂತ್ರದೊಳಗೆ ಒಂದೇ ಎಲ್‌ಸಿಡಿ ಹಾಳೆ ಇದೆ, ಹಿಂದೆ ಸದಾ ಉರಿಯುವ ಎಲ್‌ಇಡಿ. ಚಿತ್ರದಲ್ಲಿ ಕಪ್ಪು ಬಂದಾಗ ಹಾಳೆ ಬೆಳಕನ್ನು ತಡೆಯಬೇಕು. ಪೂರ್ತಿ ತಡೆಯುವುದಿಲ್ಲ, ಸ್ವಲ್ಪ ಸೋರುತ್ತದೆ. ಆ ಸೋರಿದ ಬೆಳಕೇ ನಮ್ಮ ಗೋಡೆ ಮೇಲಿನ ಬೂದಿ.

ಸುಮ್ನೆ ಬಿಡಲಿಲ್ಲ. ಚಿತ್ರವನ್ನು ನೂರು ಇಂಚಿನಿಂದ ಅರವತ್ತಕ್ಕೆ ಇಳಿಸಿದೆ. ಮಾಳಿಗೆಯಿಂದ ಒಳಗಿನ ಕೋಣೆಗೆ ಬಂದೆ. ಪರದೆಗೆಂದು ಬಿಳಿ ಪಂಚೆ ಕಟ್ಟುವ ಬದಲು ಗೋಡೆಗೆ ತಿಳಿ ಬೂದು ಬಣ್ಣ ಹೊಡೆಸಿದೆ. ಬೂದು ಗೋಡೆ ಬೆಳಕನ್ನು ಕಡಿಮೆ ತಿರುಗಿಸುತ್ತದೆ. ಬಿಳಿ ಸ್ವಲ್ಪ ಮಂಕಾಗುತ್ತದೆ, ಕಪ್ಪು ಕಪ್ಪಿಗೆ ಹತ್ತಿರ ಬರುತ್ತದೆ. ಈಗ ಸುರಂಗ ಸುರಂಗದ ಹಾಗಿದೆ. ಪೂರ್ತಿ ಅಲ್ಲ, ಮುಕ್ಕಾಲು.

ಈ ಯಂತ್ರ ನನ್ನನ್ನು ನಿಜವಾಗಿ ಗೆದ್ದದ್ದು ಹಳೇ ಸಿನಿಮಾದಲ್ಲಿ. ಜಾರ್ಜ್ ರೊಮೆರೊ 1968ರಲ್ಲಿ ಮಾಡಿದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ಕಪ್ಪು ಬಿಳುಪು, ಒಂದು ಹಳ್ಳಿ ಮನೆ, ಸುತ್ತ ನಿಧಾನಕ್ಕೆ ನಡೆದು ಬರುವ ಹೆಣಗಳು. ಜಾಂಬಿ ಅನ್ನುವ ಪದ ಆ ಸಿನಿಮಾದಲ್ಲಿ ಒಮ್ಮೆಯೂ ಬರುವುದಿಲ್ಲ. ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದರು, ಕಪ್ಪು ಬಿಳುಪಿನಲ್ಲಿ ಅದು ರಕ್ತವೇ. ಸಿನಿಮಾದ ಹೆಸರು ಬದಲಾದಾಗ ಪ್ರಿಂಟ್‌ನಲ್ಲಿ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಂತೆ ಹಕ್ಕೂ ಹೋಯಿತು, ಹಾಗಾಗಿ ಇವತ್ತಿಗೂ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಕಿಟಕಿಗೆ ಹಲಗೆ ಹೊಡೆಯುವ ದೃಶ್ಯದಲ್ಲಿ ನಮ್ಮ ಬೂದಿಯೂ ಚಿತ್ರದ ಭಾಗವೇ ಆಗಿಬಿಟ್ಟಿತು. ಅಷ್ಟು ಚೆನ್ನಾಗಿ ಬಂತು.

2002ರ ‘28 ಡೇಸ್ ಲೇಟರ್’ ಕೂಡ ಹಾಗೇ. ಡ್ಯಾನಿ ಬಾಯ್ಲ್ ಅದರ ಬಹುಪಾಲನ್ನು ಚಿಕ್ಕ ಡಿಜಿಟಲ್ ವಿಡಿಯೊ ಕ್ಯಾಮೆರಾದಲ್ಲಿ ತೆಗೆದದ್ದು. ಚಿತ್ರವೇ ಒರಟು. 720 ಚುಕ್ಕಿ ಬೇಕಾದಷ್ಟಾಯಿತು. ಜನರೇ ಇಲ್ಲದ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಗೋಡೆ ತುಂಬ ಬಂದಾಗ ಯಾರೂ ಮಾತಾಡಲಿಲ್ಲ.

ಸದ್ದಿನ ವಿಷಯದಲ್ಲಿ ನನಗೆ ಬೇಜಾರಿದೆ. ಫ್ಯಾನ್ ಜೋರಾಗಿ ಗುಂಯ್ ಅನ್ನುತ್ತದೆ. 2019ರ ‘ಚೆರ್ನೋಬಿಲ್’ ಅಣುಸ್ಥಾವರ ದುರಂತದ ಮೇಲಿನ ಐದೇ ಕಂತಿನ ಸರಣಿ. ಎರಡನೇ ಕಂತಿನ ಕೊನೆಗೆ ಮೂವರು ಗಂಡಸರು ರಿಯಾಕ್ಟರ್ ಕೆಳಗಿನ ನೀರಿಗೆ ಇಳಿಯುತ್ತಾರೆ. ಟಾರ್ಚ್ ಆರಿಹೋಗುತ್ತದೆ. ವಿಕಿರಣ ಅಳೆಯುವ ಯಂತ್ರದ ಕರಕರ ಸದ್ದು ಮಾತ್ರ ಏರುತ್ತಾ ಹೋಗುತ್ತದೆ. ಅಲ್ಲಿ ಫ್ಯಾನ್ ಅಡ್ಡ ಬಂತು. ಹಳೇ ಸ್ಪೀಕರ್ ಜೋಡಿಯೊಂದನ್ನು ವೈರ್ ಹಾಕಿ ಗೋಡೆ ಪಕ್ಕ ಇಟ್ಟ ಮೇಲೇ ಅದು ಸರಿಯಾದದ್ದು. ಯಂತ್ರದೊಳಗಿನ ಸ್ಪೀಕರನ್ನು ನಂಬಬೇಡಿ.

ಆ ಕಂತನ್ನು ಅವ್ವನೂ ನೋಡಿದಳು. ಅದಕ್ಕೂ ಮೊದಲು ಅವಳಿಗೆ ಒಂದು ಪ್ರವಾಹದ ಸಿನಿಮಾ ಹಾಕಿದ್ದೆ. ಡ್ಯಾಮ್ ಒಡೆದು ಮನೆಯೆತ್ತರದ ಅಲೆ ಬರುತ್ತದೆ. ಅವ್ವ ಅರ್ಧಕ್ಕೆ ಎದ್ದಳು. "ನೀರು ಹಂಗ ಎದ್ದು ಬರಂಗಿಲ್ಲೋ. ಸದ್ದಿಲ್ದಂಗ ಏರ್ತೈತಿ," ಅಂದಳು. ಅವಳ ತವರು ತುಂಗಭದ್ರೆಯ ದಂಡೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟ್‌ಗಳಲ್ಲಿ 19ನೆಯದರ ಚೈನ್ ಕಡಿದು ಗೇಟ್ ಕೊಚ್ಚಿಹೋದಾಗ ಅವಳು ಫೋನ್ ಕೈಯಿಂದ ಬಿಡಲಿಲ್ಲ. ತಾತ್ಕಾಲಿಕ ಗೇಟ್ ಕೂರಿಸಿ ನೀರು ನಿಲ್ಲಿಸುವವರೆಗೂ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಚೆರ್ನೋಬಿಲ್‌ನ ಭಾಷೆ ಅವಳಿಗೆ ಬರಲ್ಲ. ಆದರೂ ಕೊನೆವರೆಗೂ ಕೂತಳು. "ಆ ಮೂರು ಮಂದಿ ಬದುಕಿದ್ರಾ?" ಅಂತ ಕೇಳಿದಳು. ನಿಜ ಜೀವನದಲ್ಲಿ ಮೂವರೂ ಹೊರಗೆ ಬಂದರು, ಆಮೇಲೂ ವರ್ಷಗಟ್ಟಲೆ ಬದುಕಿದರು ಅಂತ ಹೇಳಿದೆ. ಆಮೇಲೇ ಮಲಗಲು ಹೋದಳು.

ಬಿಸಿಯ ಬಗ್ಗೆ ಎಚ್ಚರ ಹೇಳಬೇಕು. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆ ರಾತ್ರಿ ಹತ್ತಕ್ಕೂ ಕಾದಿರುತ್ತದೆ. ಅಲ್ಲಿಟ್ಟಾಗ ಯಂತ್ರ ಎರಡು ಸಲ ತಾನಾಗಿಯೇ ಆಫ್ ಆಯಿತು. ಮಿಲ್ ಇರುವ ಊರಲ್ಲಿ ಧೂಳೂ ಜಾಸ್ತಿ. ವಾರಕ್ಕೊಮ್ಮೆ ಗಾಳಿ ಹೋಗುವ ಜಾಲರಿಯನ್ನು ಬ್ರಷ್‌ನಿಂದ ಒರೆಸಿ, ಬಳಸದಾಗ ಬಟ್ಟೆ ಮುಚ್ಚಿಡಿ. ಒಟಿಟಿ ಆ್ಯಪ್‌ಗಳು ಇದರಲ್ಲಿ ನೇರವಾಗಿ ಸರಿಯಾಗಿ ಓಡಲಿಲ್ಲ, ಟಿವಿ ಸ್ಟಿಕ್ ಚುಚ್ಚಿಯೇ ನೋಡುತ್ತಿದ್ದೇವೆ.

ಹತ್ತಕ್ಕೆ ಆರೂವರೆ ಕೊಡುತ್ತೇನೆ. ಅಂಗಡಿಗೆ ಹೋಗಿ ಕೊಳ್ಳುವುದಾದರೆ ಒಂದು ಕತ್ತಲೆ ದೃಶ್ಯವನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಹಾಕಿ ತೋರಿಸುವುದು ಹೂವು, ಗಿಳಿ, ಸಮುದ್ರ. ಅವು ಎಲ್ಲ ಪ್ರೊಜೆಕ್ಟರ್‌ನಲ್ಲೂ ಚೆನ್ನಾಗೇ ಕಾಣುತ್ತವೆ. ದೀಪ ಆರಿಸಲು ಹೇಳಿ, ನಿಮ್ಮ ದೃಶ್ಯ ಹಾಕಿಸಿ, ಚಿತ್ರದ ಮೂಲೆ ಎಷ್ಟು ಕಪ್ಪಗಿದೆ ನೋಡಿ.