ದಾವಣಗೆರೆಯಲ್ಲಿ ಹಲ್ಲು ಬಿಳಿ ಮಾಡಿಸಿಕೊಂಡ ಅನುಭವ

ಇಲ್ಲಿನ ಪಿ.ಜೆ. ಬಡಾವಣೆಯ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಹಲ್ಲು ಬಿಳಿ ಮಾಡಿಸಿಕೊಂಡೆ. ಕೆಲಸ ಚೆನ್ನಾಗಿ ಆಗಿದೆ. ಆದರೆ ಆ ಡಾಕ್ಟರನ್ನು ನಾನು ಹೊಗಳುವುದು ಬಿಳುಪಿಗಾಗಿ ಅಲ್ಲ. ನನ್ನ ಹಲ್ಲು ಎಷ್ಟು ಬಿಳಿಯಾಗುತ್ತದೆ, ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಹೇಳಿದ್ದಕ್ಕಾಗಿ.

ಮದುವೆ, ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ನಿರೂಪಣೆ ಮಾಡುವುದು ನನ್ನ ಕೆಲಸ. ಗಂಟಲು ಕೈಕೊಡಬಾರದು ಅಂತ ಚಹಾ ಕುಡಿಯುವುದು ಜಾಸ್ತಿ. ಸ್ಟೇಜಿನ ಲೈಟಿನ ಕೆಳಗೆ ಹತ್ತಿರದಿಂದ ವಿಡಿಯೋ ತೆಗೆದಾಗ ಹಲ್ಲಿನ ಹಳದಿ ಎದ್ದು ಕಾಣುತ್ತಿತ್ತು.

ಮೊದಲು ವಿಚಾರಿಸಿದ ಬೇರೊಂದು ಕಡೆ ಒಳಗೆ ಕಾಲಿಟ್ಟ ಕೂಡಲೇ ಲೇಸರ್ ಪ್ಯಾಕೇಜ್ ಅಂದರು. ಬಾಯಿ ತೆಗೆಸಿ ನೋಡಲೂ ಇಲ್ಲ. ಇಲ್ಲಿ ಹಾಗಲ್ಲ. ಎಕ್ಸ್‌ರೇ ತೆಗೆದರು, ಒಂದೊಂದೇ ಹಲ್ಲು ತಟ್ಟಿ ನೋಡಿದರು. ಹುಳುಕು ಅಥವಾ ಬಿರುಕು ಇದ್ದರೆ ಔಷಧಿ ಸೀದಾ ಒಳಗಿಳಿದು ನೋವು ಕೊಡುತ್ತದಂತೆ. ಆಮೇಲೆ ಬರೀ ಕ್ಲೀನಿಂಗ್ ಮಾಡಿ ಮನೆಗೆ ಕಳಿಸಿದರು. "ಚಹಾ, ಕಾಫಿ, ಎಲೆ-ಅಡಿಕೆಯ ಮೇಲಿನ ಕಲೆ ಇದರಲ್ಲೇ ಹೋಗ್ತದೆ. ಒಂದು ವಾರ ಕನ್ನಡಿ ನೋಡ್ಕೊಳ್ಳಿ. ಸಾಕು ಅನಿಸಿದ್ರೆ ಮತ್ತೆ ಬರೋದೇ ಬೇಡ" ಅಂದರು. ದೊಡ್ಡ ಬಿಲ್ ಬಿಟ್ಟುಕೊಟ್ಟು ಹೀಗೆ ಹೇಳುವವರು ಎಷ್ಟು ಜನ ಇದ್ದಾರೆ ಹೇಳಿ? ನನಗೆ ಸಾಕು ಅನಿಸಲಿಲ್ಲ, ಹೋದೆ.

ಲಿಪ್‌ಸ್ಟಿಕ್ ಒರೆಸಿಸಿ ಕಿಟಕಿಯ ಪಕ್ಕ ಕೂರಿಸಿದರು. ಕೈಯಲ್ಲಿ ಶೇಡ್ ಪಟ್ಟಿ, ಅದರಲ್ಲಿ ಸಾಲಾಗಿ 16 ಸುಳ್ಳು ಹಲ್ಲು. ಒಂದೊಂದನ್ನೇ ನನ್ನ ಹಲ್ಲಿನ ಪಕ್ಕ ಹಿಡಿದು ಬಣ್ಣ ಹೋಲಿಸಿದರು. ಎ ಅಂದರೆ ಕೆಂಪು ಕಂದು, ಬಿ ಕೆಂಪು ಹಳದಿ, ಸಿ ಬೂದು, ಡಿ ಕೆಂಪು ಬೂದು. ಅಕ್ಷರದ ಪಕ್ಕದ ಸಂಖ್ಯೆ ದೊಡ್ಡದಾದಷ್ಟೂ ಬಣ್ಣ ಗಾಢ. ನನ್ನ ಮುಂದಿನ ಹಲ್ಲುಗಳು ಎ 3. ಕೋರೆಹಲ್ಲು ಅದಕ್ಕಿಂತ ಒಂಚೂರು ಗಾಢ. ಅದು ಎಲ್ಲರಿಗೂ ಹಾಗೇ ಇರುತ್ತದಂತೆ. ಬೂದು ಬಣ್ಣದ ಹಲ್ಲಿಗಿಂತ ಹಳದಿ ಹಲ್ಲು ಬೇಗ ಬಿಳಿಯಾಗುತ್ತದೆ ಅಂತಲೂ ಹೇಳಿದರು. ಚಿಕ್ಕವಳಿದ್ದಾಗ ಬಿದ್ದು ಮುಂದಿನ ಒಂದು ಹಲ್ಲಿನ ತುದಿ ಮುರಿದಿತ್ತು. ಅಲ್ಲಿ ಫಿಲ್ಲಿಂಗ್ ಇದೆ. ಫಿಲ್ಲಿಂಗಿಗೂ ಕ್ಯಾಪಿಗೂ ಈ ಔಷಧಿ ಹತ್ತುವುದಿಲ್ಲ. ಸುತ್ತಲಿನ ಹಲ್ಲು ಬಿಳಿಯಾದ ಮೇಲೆ ಅದೊಂದು ಹಳದಿಯಾಗಿ ಉಳಿಯುತ್ತದೆ, ಬದಲಾಯಿಸಬೇಕಾಗುತ್ತದೆ ಅಂತ ಆಗಲೇ ಎಚ್ಚರಿಸಿದರು.

ಮಾಡಿಸಿಕೊಳ್ಳುವ ದಿನ ಕಷ್ಟ ಅನಿಸಿದ್ದು ಬಾಯಿ ತೆರೆದೇ ಇರುವುದು. ತುಟಿ, ಕೆನ್ನೆ ಹಿಂದಕ್ಕೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು ಹಾಕುತ್ತಾರೆ. ದವಡೆ ಸೋತು ಹೋಗುತ್ತದೆ. ಒಸಡಿನ ಅಂಚಿಗೆ ನೀಲಿ ಪೇಸ್ಟ್ ಹಚ್ಚಿ, ಲೈಟ್ ಹಿಡಿದು ಗಟ್ಟಿ ಮಾಡಿದರು. ಇದಕ್ಕೆ ಅವರು ತೆಗೆದುಕೊಂಡ ಸಮಯ ನೋಡಿಯೇ ನನಗೆ ಧೈರ್ಯ ಬಂತು. ಯಾಕೆಂದರೆ ಹಲ್ಲು ಬಿಳಿ ಮಾಡುವ ಜೆಲ್‌ನಲ್ಲಿ ಇರುವುದು ಶೇ. 40ರ ಹೈಡ್ರೋಜನ್ ಪೆರಾಕ್ಸೈಡ್. ಒಸಡಿಗೆ ತಾಗಿದರೆ ಉರಿ, ಬಿಳಿ ಮಚ್ಚೆ. ನನಗೂ ಮೇಲಿನ ಒಸಡಿನ ಒಂದು ಕಡೆ ಸ್ವಲ್ಪ ಬೆಳ್ಳಗಾಗಿ, ಕೆಲವು ಗಂಟೆಯಲ್ಲಿ ಸರಿಯಾಯಿತು. ಜೆಲ್ ಹಚ್ಚಿ 15 ನಿಮಿಷ ಬಿಡುವುದು, ಹೀರಿ ತೆಗೆದು ಹೊಸದು ಹಚ್ಚುವುದು, ಹೀಗೆ ಮೂರು ಸುತ್ತು. ಇದು ಹಲ್ಲನ್ನು ಕೆರೆಯುವುದಿಲ್ಲ. ಹಲ್ಲಿನ ಹೊರಪದರವಾದ ಎನಾಮಲ್ ದಾಟಿ ಒಳಗಿಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಹಲ್ಲು ಸವೆಸುವುದು ಇದ್ದಿಲ ಪುಡಿ ಹಾಕಿ ಉಜ್ಜುವುದು, ನಿಂಬೆಹಣ್ಣು ತಿಕ್ಕುವುದು. ದಯವಿಟ್ಟು ಅವನ್ನು ಬಿಟ್ಟುಬಿಡಿ. ಕೆಲವು ಕಡೆ ಜೆಲ್ ಮೇಲೆ ಹಿಡಿಯುವ ನೀಲಿ ಲೈಟಿನ ಬಗ್ಗೆ ಕೇಳಿದ್ದಕ್ಕೆ, ಕೆಲಸ ಮಾಡುವುದು ಜೆಲ್ಲೇ, ಲೈಟಿಗೆ ಬೇರೆ ದುಡ್ಡು ಕೊಡಬೇಕಿಲ್ಲ ಅಂದರು.

ಎದ್ದು ಕನ್ನಡಿ ನೋಡಿದರೆ ಎ 1! ನನಗಂತೂ ಖುಷಿಯೋ ಖುಷಿ. ಆದರೆ ಅದೇ ಬಣ್ಣ ಉಳಿಯುವುದಿಲ್ಲ ಅಂತ ಅಲ್ಲೇ ಹೇಳಿದರು. ಅಷ್ಟು ಹೊತ್ತು ಒಣಗಿದ ಹಲ್ಲು ಇನ್ನೂ ಜಾಸ್ತಿ ಬಿಳಿ ಕಾಣುತ್ತದೆ. ಒಂದೆರಡು ವಾರದಲ್ಲಿ ನಿಜವಾದ ಬಣ್ಣಕ್ಕೆ ಬಂದು ನಿಲ್ಲುತ್ತದೆ. ನನ್ನದು ಎ 2ಕ್ಕೆ ನಿಂತಿದೆ. ಪಟ್ಟಿಯನ್ನು ಬಿಳಿಯಿಂದ ಕಪ್ಪಿಗೆ ಜೋಡಿಸಿದರೆ ನಡುವೆ ಬೇರೆ ಅಕ್ಷರದ ಹಲ್ಲುಗಳೂ ಬರುತ್ತವೆ, ಹಾಗಾಗಿ ಎ 3ರಿಂದ ಎ 2ಕ್ಕೆ ನಾಲ್ಕು ಮೆಟ್ಟಿಲು. ಎ 1ಕ್ಕೆ ಏಳು. ಕುರ್ಚಿಯಿಂದ ಏಳುವಾಗ ತೆಗೆದ ಫೋಟೋ ತೋರಿಸಿ ಏಳೆಂಟು ಶೇಡ್ ಅಂತ ಜಾಹೀರಾತು ಮಾಡುವವರನ್ನು ಎರಡು ವಾರದ ನಂತರದ ಫೋಟೋ ಕೇಳಿ.

ಆ ರಾತ್ರಿ ಮಾತ್ರ ಸುಲಭ ಇರಲಿಲ್ಲ. ಸುಮ್ನೆ ಕೂತಿದ್ದರೂ ಯಾವುದೋ ಒಂದು ಹಲ್ಲಿನಲ್ಲಿ ಕರೆಂಟ್ ಹೊಡೆದ ಹಾಗೆ ಛಳ್ ಅನ್ನುತ್ತಿತ್ತು. ಉಸಿರು ಒಳಗೆ ಎಳೆದುಕೊಂಡರೂ ಜುಮ್ಮೆನ್ನುತ್ತಿತ್ತು. ಮುಂಚೆಯಿಂದಲೇ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಲು ಹೇಳಿದ್ದರು. ಅದರಿಂದ ಉಪಕಾರವಾಯಿತು, ಮರುದಿನ ಸಂಜೆಗೆ ಕಡಿಮೆಯಾಯಿತು. ನಿಮಗೆ ಈಗಾಗಲೇ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿದ್ದರೆ ಮೊದಲೇ ಹೇಳಿಬಿಡಿ. ಬಸುರಿಯರಿಗೆ, ಹಾಲೂಡಿಸುವವರಿಗೆ ಈಗ ಬೇಡ ಅಂತ ವಾಪಸ್ ಕಳಿಸುತ್ತಾರೆ.

ಎರಡು ದಿನ ಬಣ್ಣ ಇರುವುದು ಏನೂ ತಿನ್ನುವಂತಿಲ್ಲ. ನಮ್ಮೂರಲ್ಲಿ ಇದು ದೊಡ್ಡ ವ್ರತ. ಮಂಡಕ್ಕಿ ಒಗ್ಗರಣೆಯಲ್ಲಿ ಅರಿಶಿನ, ಸಾರಿನಲ್ಲಿ ಅರಿಶಿನ, ಚಹಾ ಕೇಳಲೇಬೇಡಿ. ಮೊಸರನ್ನ, ಇಡ್ಲಿ, ಕಾಯಿಚಟ್ನಿಯಲ್ಲೇ ಕಳೆದೆ. ಬೆಣ್ಣೆದೋಸೆ ತಿನ್ನಬಹುದಾ ಅಂತ ಕೇಳಿದೆ. ಖಾರದ ಪಲ್ಯ ಇಲ್ಲದೆ ತಿನ್ನಿ ಅಂದರು.

ಇನ್ನೊಂದು ಮುಖ್ಯ ವಿಷಯ. ನಮ್ಮ ಭಾವ ಪಾವಗಡದವರು. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಎಲ್ಲರಿಗೂ ಗೊತ್ತಲ್ವಾ, ಅವರ ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಮಚ್ಚೆ ಇವೆ. ಅವರನ್ನೂ ಕರೆದುಕೊಂಡು ಹೋಗಿದ್ದೆ. ಬರೀ ಬ್ಲೀಚ್ ಮಾಡಿದರೆ ಮಚ್ಚೆ ಇನ್ನೂ ಎದ್ದು ಕಾಣಬಹುದು, ಮೇಲ್ಪದರ ತೆಳುವಾಗಿ ಉಜ್ಜಿ ತೆಗೆಯುವ ಬೇರೆ ಚಿಕಿತ್ಸೆ ಮೊದಲು ನೋಡೋಣ ಅಂದರು. ಪಾವಗಡ, ಕೋಲಾರ, ಮುಂಡರಗಿ ಕಡೆಯವರು ಇದನ್ನು ಕೇಳಿಯೇ ಮುಂದುವರಿಯಿರಿ.

ಕೊರತೆ ಒಂದಿದೆ. ಬಿಳಿ ಮಾಡಿದ್ದಕ್ಕೆ 9,000 ರೂಪಾಯಿ ಅಂದಿದ್ದರು, ಅಷ್ಟೇ ತೆಗೆದುಕೊಂಡರು. ಆದರೆ ಫಿಲ್ಲಿಂಗ್ ಬದಲಾಯಿಸಲು ಬೇರೆ 1,500 ಅಂತ ಗೊತ್ತಾಗಿದ್ದು ಕೌಂಟರಿನಲ್ಲಿ. ಬದಲಾಯಿಸಬೇಕು ಅಂತ ಹೇಳಿದ ದಿನವೇ ರೇಟೂ ಹೇಳಬೇಕಿತ್ತು. ದುಡ್ಡು ಕಡಿಮೆ ಇದ್ದರೆ ನಮ್ಮೂರಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ. ಹೊತ್ತು ಜಾಸ್ತಿ ಹಿಡಿದರೂ ಕ್ಲೀನಿಂಗನ್ನು ಅಲ್ಲಿ ಮಾಡಿಸಬಹುದು. ಇನ್ನು ಹೊಸ ಫಿಲ್ಲಿಂಗ್ ಅವಸರದಲ್ಲಿ ಹಾಕಿಸಬೇಡಿ. ಬ್ಲೀಚ್ ಆದ ತಕ್ಷಣ ಅದು ಹಲ್ಲಿಗೆ ಗಟ್ಟಿಯಾಗಿ ಕೂರುವುದಿಲ್ಲ, ಬಣ್ಣವೂ ಇನ್ನೂ ನಿಂತಿರುವುದಿಲ್ಲ. ನನಗೆ ಎರಡು ವಾರ ಕಾಯಿಸಿ, ಎ 2ಕ್ಕೇ ಹೊಂದಿಸಿ ಹಾಕಿದರು. ಈಗ ವಿಡಿಯೋದಲ್ಲಿ ಯಾವ ಹಲ್ಲು ಮುರಿದಿತ್ತು ಅಂತ ನಾನೇ ಹುಡುಕಬೇಕು.