ಮಾರಾಟಕ್ಕಿರುವ 1760ರ ತೋಟದ ಮನೆ: ನೆಲಮಾಳಿಗೆಯಿಂದ ಅಟ್ಟದವರೆಗೆ ನೋಡಿ ಬಂದೆವು

ಪಶ್ಚಿಮ ಮ್ಯಾಸಚೂಸೆಟ್ಸ್‌ನಲ್ಲಿ, ಕನೆಕ್ಟಿಕಟ್ ನದಿಯಿಂದ ಅರ್ಧ ಗಂಟೆ ದೂರದ ಗುಡ್ಡದ ಮೇಲೆ, ಒಂದು ಹಳೇ ತೋಟದ ಮನೆ ಮಾರಾಟಕ್ಕಿದೆ. ಜೊತೆಗೆ 22 ಎಕರೆ ಜಮೀನು, ಒಂದು ದೊಡ್ಡ ಕೊಟ್ಟಿಗೆ. ಕೇಳುತ್ತಿರುವ ಬೆಲೆ ಎಂಟೂವರೆ ಲಕ್ಷ ಡಾಲರ್. ಮನೆ ಕಟ್ಟಿದ್ದು 1760ರಲ್ಲಂತೆ. ಅಂದರೆ ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲ.

ಜಾಹೀರಾತಿನ ಫೋಟೊಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಯದ್ದೇ. ನೆಲಮಾಳಿಗೆಯದ್ದು ಒಂದೂ ಇಲ್ಲ. ಅಪ್ಪ ಅದನ್ನೇ ಮೊದಲು ಗಮನಿಸಿದರು. ಅಪ್ಪ ಊರಲ್ಲಿ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಈಗ ನಮ್ಮ ಜೊತೆ ಇರಲು ಬಂದಿದ್ದಾರೆ. ನಾವು ಹೋದಾಗ ಏಜೆಂಟ್ ನಗುನಗುತ್ತಾ ಅಡುಗೆಮನೆಗೆ ಕರೆದರು. ಅಪ್ಪ, "ಪುಟ್ಟಿ, ಮೊದ್ಲು ಕೆಳಗೆ ಹೋಗೋಣ ಅಂತ ಹೇಳು" ಅಂದರು.

ಕೆಳಗೆ ಕಲ್ಲಿನ ಪಾಯ. ಹೊಲದಲ್ಲಿ ಸಿಕ್ಕ ಕಲ್ಲುಗಳನ್ನೇ ಒಂದಕ್ಕೊಂದು ಕೂರಿಸಿ ಕಟ್ಟಿದ್ದು. ಅದರ ಮೇಲೆ ಮಲಗಿಸಿದ ಅಡಿತೊಲೆ. ಇಡೀ ಮನೆಯ ಭಾರ ಅದರ ಮೇಲೆಯೇ. ಅಪ್ಪ ಜೇಬಿನ ಚಾಕು ತೆಗೆದು ತೊಲೆಯ ಉದ್ದಕ್ಕೂ ಚುಚ್ಚುತ್ತಾ ಹೋದರು. ದಕ್ಷಿಣ, ಪೂರ್ವ, ಪಶ್ಚಿಮ, ಮೂರು ಕಡೆಯೂ ಚಾಕುವಿನ ತುದಿ ಒಳಗೆ ಹೋಗಲಿಲ್ಲ. ಉತ್ತರಕ್ಕೆ ಬಂದಾಗ ಹಿಡಿಯ ತನಕ ಇಳಿಯಿತು. ಹೊರಗೆಳೆದರೆ ಒದ್ದೆ ಕಾಫಿಪುಡಿಯಂಥದ್ದು ಅಂಟಿಕೊಂಡಿತ್ತು. ಸುಮಾರು ಹನ್ನೆರಡು ಅಡಿ ಹೀಗೆಯೇ ಇದೆ. ಹೊರಗೆ ಬಂದು ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಹೂವಿನ ಪಾತಿ ಮಾಡಲು ಯಾರೋ ಗೋಡೆಗೆ ಒತ್ತಿ ಮಣ್ಣು ಏರಿಸಿದ್ದಾರೆ. ಮಳೆ ನೀರು, ಕರಗಿದ ಹಿಮ ಎಲ್ಲ ಅಲ್ಲೇ ನಿಂತು ಮರ ಕೊಳೆಯುತ್ತಿದೆ. ಇನ್ನೂರೈವತ್ತು ವರ್ಷ ತಡೆದ ಮರ ಒಂದು ಹೂವಿನ ಪಾತಿಯಿಂದ ಹಾಳಾಯಿತಲ್ಲ ಅಂತ ನನಗೆ ನಿಜವಾಗಿಯೂ ಸಂಕಟವಾಯಿತು. ಇದು ರಿಪೇರಿ ಆಗದ ಕೆಲಸವೇನಲ್ಲ. ಜಾಕ್ ಕೊಟ್ಟು ಮನೆ ಸ್ವಲ್ಪ ಎತ್ತಿ, ಕೆಟ್ಟ ಭಾಗ ಕತ್ತರಿಸಿ, ಹೊಸ ಓಕ್ ತುಂಡು ಬೆಸೆಯಬೇಕು. ಆದರೆ ಹಳೇ ಮರಗೆಲಸ ಗೊತ್ತಿರುವವರೇ ಬೇಕು.

ಮಧ್ಯದಲ್ಲಿ ಚಿಮಣಿಯ ಬುಡ. ಒಂದು ಸಣ್ಣ ಕೋಣೆಯಷ್ಟು ಅಗಲ! ಮೇಲೆ ಮೂರು ಕೋಣೆಯ ಬೆಂಕಿಗೂಡುಗಳು ಇದೊಂದಕ್ಕೇ ಸೇರುತ್ತವೆ. ಅಡುಗೆಯ ಬೆಂಕಿಗೂಡಿನ ಪಕ್ಕದಲ್ಲಿ ಬ್ರೆಡ್ ಸುಡುವ ಗುಮ್ಮಟದಂಥ ಗೂಡು ಹಾಗೇ ಇದೆ. ಅಲ್ಲಿ ಕೈ ಇಟ್ಟರೆ ಒಳಗಿನ ಇಟ್ಟಿಗೆ ಎಷ್ಟು ನುಣುಪು ಅಂತೀರಿ. ಆದರೆ ಚಾವಣಿಯ ಮೇಲಿನ ಚಿಮಣಿಗೆ ಇತ್ತೀಚೆಗೆ ಸಿಮೆಂಟ್ ಮೆತ್ತಿದ್ದಾರೆ. ಮೊದಲಿದ್ದದ್ದು ಸುಣ್ಣದ ಗಾರೆ. ಗಾರೆ ಮೆದು, ತೇವ ಹೊರಗೆ ಬಿಡುತ್ತದೆ. ಸಿಮೆಂಟ್ ಗಟ್ಟಿ, ತೇವವನ್ನು ಇಟ್ಟಿಗೆಯೊಳಗೇ ಕಟ್ಟಿಹಾಕುತ್ತದೆ. ಚಳಿಗಾಲದಲ್ಲಿ ಆ ತೇವ ಹೆಪ್ಪುಗಟ್ಟಿ ಇಟ್ಟಿಗೆಯ ಮುಖ ಕಿತ್ತು ಬರುತ್ತದೆ. ಕೆಳಗೆ ಹುಲ್ಲಿನಲ್ಲಿ ಆ ಚೂರುಗಳು ಬಿದ್ದಿದ್ದವು. ಜಾಹೀರಾತಿನಲ್ಲಿ ಇದನ್ನು 'ಹೊಸದಾಗಿ ದುರಸ್ತಿ ಮಾಡಿದ ಚಿಮಣಿ' ಎಂದು ಬರೆದಿದ್ದಾರೆ. ಹಾಗೆ ಬರೆಯಬಾರದಿತ್ತು.

ವರ್ಷದ ಬಗ್ಗೆ ನಮಗೂ ಅನುಮಾನವಿತ್ತು. ಮುಖ್ಯ ಮನೆಯ ಹಲಗೆಗಳ ಅಡಿಭಾಗದಲ್ಲಿ ಗರಗಸದ ಗುರುತು ನೆಟ್ಟಗೆ ಸಾಲಾಗಿದೆ. ನೀರಿನ ಗಿರಣಿಯಲ್ಲಿ ಮೇಲೆ ಕೆಳಗೆ ಆಡುವ ಗರಗಸ ಬಿಡುವ ಗುರುತು ಅದು. ಮೊಳೆಗಳು ಕಮ್ಮಾರ ಒಂದೊಂದಾಗಿ ಬಡಿದವು. ಹಾಗಾಗಿ 1760 ಅಂದರೆ ನಂಬಬಹುದು. ಮನೆಯ ಹಿಂಬದಿಗಿರುವ ಅಡುಗೆಮನೆಯ ಹಲಗೆಗಳಲ್ಲಿ ಬಿಲ್ಲಿನಂತೆ ಬಾಗಿದ ಗುರುತು. ಅದು ದುಂಡು ಗರಗಸದ್ದು, 19ನೇ ಶತಮಾನದ ಕೆಲಸ. ಫೋಟೊ ತುಂಬಾ ಹಾಕಿರುವುದು ಆ ಭಾಗವನ್ನೇ ಅಲ್ವಾ!

ಅಟ್ಟಕ್ಕೆ ಹತ್ತಿದ ಮೇಲೆ ಅಪ್ಪ ಸುಮಾರು ಹೊತ್ತು ಮಾತೇ ಆಡಲಿಲ್ಲ. ತೊಲೆ, ಮುಂಡಿಗೆ ಎಲ್ಲಕ್ಕೂ ಒಂದರ ಕೆತ್ತಿದ ತುದಿ ಇನ್ನೊಂದರ ತೂತಿನಲ್ಲಿ ಕೂರುವ ಜೋಡಣೆ, ಮರದ ಗೂಟ. ಎಲ್ಲೂ ಕಬ್ಬಿಣವಿಲ್ಲ. ಪ್ರತಿ ಜೋಡಣೆಯ ಹತ್ತಿರ ಉಳಿಯಿಂದ ಕೆತ್ತಿದ ಗೀರುಗಳಿವೆ. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ನಾಲ್ಕಕ್ಕೆ ನಾಲ್ಕು. ಐದಕ್ಕೆ ಎರಡು ಓರೆ ಗೀರು ಕೆಳಗೆ ಕೂಡುತ್ತವೆ. ನೆಲದ ಮೇಲೆ ಒಂದೊಂದು ಜೋಡಿಯನ್ನೂ ಅಳತೆಗೆ ಕೆತ್ತಿ, ಬಿಚ್ಚಿ, ಮೇಲೆ ಮತ್ತೆ ಅದೇ ಜೋಡಿ ಕೂರಿಸಲು ಹಾಕಿದ ಗುರುತು. ಅಪ್ಪ ಟಾರ್ಚ್ ಹಿಡಿದು ಐದನೆಯದರ ಮೇಲೆ ಬೆರಳಾಡಿಸಿದರು. "ನಾವೂ ಹಿಂಗೇ ಹಾಕ್ತಿದ್ವಿ ಕಣೇ. ಈ ಪುಣ್ಯಾತ್ಮನ ಉಳಿ ಒಂದು ಮೂಲೇಲಿ ಮುಕ್ಕಾಗಿತ್ತು, ನೋಡು" ಅಂದರು. ನೋಡಿದೆ. ಪ್ರತಿ ಗೀರಿನ ಒಂದೇ ಅಂಚಿನಲ್ಲಿ ಕೂದಲೆಳೆಯಷ್ಟು ಏರು ಉಳಿದಿತ್ತು.

ಅಲ್ಲೇ ನೆಲಕ್ಕೆ ಹಾಕಿರುವ ಬಿಳಿ ಪೈನ್ ಹಲಗೆಯೊಂದು ಅಪ್ಪನ ಗೇಣಿನಲ್ಲಿ ಹತ್ತಿರಹತ್ತಿರ ಮೂರು ಗೇಣು ಬಂತು. ಟೇಪ್ ಹಿಡಿದರೆ 26 ಅಂಗುಲ. ಇಂಗ್ಲೆಂಡಿನ ಅರಸೊತ್ತಿಗೆ ಮ್ಯಾಸಚೂಸೆಟ್ಸ್‌ಗೆ ಕೊಟ್ಟ 1691ರ ಸನ್ನದಿನ ಪ್ರಕಾರ ಖಾಸಗಿಯವರಿಗೆ ಕೊಡದ ಜಮೀನಿನಲ್ಲಿ 24 ಅಂಗುಲ ಮತ್ತು ಅದಕ್ಕಿಂತ ದಪ್ಪದ ಮರಗಳೆಲ್ಲ ಇಂಗ್ಲೆಂಡಿನ ರಾಜನಿಗೆ ಮೀಸಲು, ಅವರ ಹಡಗಿನ ಕೂವೆಮರಕ್ಕೆ. ಜನ ಅದನ್ನು ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ.

ಜಮೀನು ಚೆನ್ನಾಗಿದೆ. ಹುಲ್ಲುಗಾವಲು, ಮೇಪಲ್ ಮರಗಳು, ಕಲ್ಲಿನ ಬೇಲಿ. ಕೊಟ್ಟಿಗೆಯ ಬೆನ್ನು ಸ್ವಲ್ಪ ಬಾಗಿದೆ.

ಕೊಳ್ಳುವವರು ಕಾಗದಪತ್ರದಲ್ಲಿ ಕೆಲವು ವಿಷಯ ನೋಡಲೇಬೇಕು. ಶೌಚದ ಗುಂಡಿಗೆ ಈ ರಾಜ್ಯದ 'ಟೈಟಲ್ ಫೈವ್' ತಪಾಸಣೆ ಆಗಿದೆಯಾ ಕೇಳಿ. ಜಮೀನು ಕೃಷಿ ಭೂಮಿಗೆ ತೆರಿಗೆ ಕಡಿಮೆ ಮಾಡುವ 'ಚಾಪ್ಟರ್ 61ಎ' ಕಾನೂನಿನ ಅಡಿಯಲ್ಲಿದೆ. ಅದನ್ನು ಬೇರೆ ಬಳಕೆಗೆ ಮಾರುವುದಾದರೆ ಕೊಳ್ಳುವ ಮೊದಲ ಹಕ್ಕು ಊರಿನ ಆಡಳಿತದ್ದು, 120 ದಿನ ಕಾಯಬೇಕು. ಮನೆ ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿದೆ. ಅದಕ್ಕೆ ಹೆದರಬೇಡಿ, ಸ್ವಂತ ದುಡ್ಡಿನಲ್ಲಿ ರಿಪೇರಿ ಮಾಡಿಸಲು ಆ ಪಟ್ಟಿ ಅಡ್ಡಿ ಬರುವುದಿಲ್ಲ. ಸ್ಥಳೀಯ ಐತಿಹಾಸಿಕ ವಲಯದಲ್ಲಿದ್ದರೆ ಮಾತ್ರ ರಸ್ತೆಗೆ ಕಾಣುವ ಭಾಗಕ್ಕೆ ಅನುಮತಿ ಬೇಕು. ಈ ಮನೆ ಅಂಥ ವಲಯದಲ್ಲಿಲ್ಲ.

ನಾವು ಕೊಳ್ಳುತ್ತಿಲ್ಲ. ಕಿಟಕಿ, ಬಾಗಿಲಿಗೆಲ್ಲ ಸೀಸದ ಹಳೇ ಬಣ್ಣ ಇದೆ. 1978ಕ್ಕಿಂತ ಹಿಂದಿನ ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ ಆ ಅಪಾಯ ಸರಿಪಡಿಸುವುದು ಇಲ್ಲಿ ಮಾಲೀಕರ ಹೊಣೆ. ನನ್ನ ಮಗಳಿಗೆ ನಾಲ್ಕು. ಅಡಿತೊಲೆ, ಚಿಮಣಿ, ಬಣ್ಣ ಎಲ್ಲ ಒಟ್ಟಿಗೆ ನಮ್ಮ ಕೈಗೆ ನಿಲುಕದು. ಆದರೆ ಮಕ್ಕಳು ದೊಡ್ಡವರಾಗಿರುವ, ನಿಜವಾಗಿ ಬೇಸಾಯ ಮಾಡುವ ಯಾರಾದರೂ ಇದ್ದರೆ ಹೋಗಿ ನೋಡಿ. ಬೆಲೆಯಲ್ಲಿ ಉತ್ತರದ ತೊಲೆ ಮತ್ತು ಚಿಮಣಿಯ ಖರ್ಚು ಕಳೆದು ಮಾತಾಡಿ. ಹಳೇ ಬಟ್ಟೆ ಹಾಕಿಕೊಳ್ಳಿ, ಟಾರ್ಚ್ ಮತ್ತು ಚಾಕು ಇಟ್ಟುಕೊಳ್ಳಿ. ನೆಲಮಾಳಿಗೆಯ ಮೆಟ್ಟಿಲಲ್ಲಿ ಮೇಲಿನಿಂದ ನಾಲ್ಕನೆಯದು ಅಲ್ಲಾಡುತ್ತದೆ, ಹುಷಾರು.